ಪಾದ್ರಿ ಬಯಲಿನ ಹತ್ತು ಕಂಬಗಳು

ಯೆಲೊವಿತ್ಸದ ಜನ ನೆವೆನಾಳನ್ನು ಮೊದಲು ಕಂಡದ್ದು ೧೯೭೯ನೆಯ ಇಸವಿಯ ಜನವರಿಯ ಒಂದು ಮಂಗಳವಾರ. ಆ ದಿನ ಮಧ್ಯಾಹ್ನದ ಬಸ್ಸು ಎರಡು ಗಂಟೆ ತಡವಾಗಿತ್ತು. ರೊಟ್ಟಿಯೂ ಅದೇ ಬಸ್ಸಿನಲ್ಲಿ ಬರುತ್ತಿದ್ದುದರಿಂದ ಅಂಗಡಿಯ ಮುಂದೆ ಅರ್ಧ ಊರೇ ಸಾಲುಗಟ್ಟಿ ನಿಂತಿತ್ತು. ರೊಟ್ಟಿಯ ಬುಟ್ಟಿಗಳಿಗಿಂತ ಮೊದಲು ಇಳಿದವಳು ಇಪ್ಪತ್ತೆರಡು ವರ್ಷದ ಒಬ್ಬ ಹುಡುಗಿ. ಒಂದು ಕೈಯಲ್ಲಿ ರಟ್ಟಿನ ಪೆಟ್ಟಿಗೆ, ಹೆಗಲ ಮೇಲೆ ಆಳುದ್ದದ ತಗಡಿನ ಕೊಳವೆ. ಕೊಳವೆಯ ಒಂದು ತುದಿಗೆ ಗರಗಸದಂತೆ ಹಲ್ಲುಗಳಿದ್ದವು.

"ಏನವ್ವಾ, ಒಲೆ ಕೊಳವೆ ಮಾರೋಕೆ ಬಂದ್ಯಾ?" ಎಂದು ಸಾಲಿನ ತಲೆಯಲ್ಲಿದ್ದ ಮುದುಕಿ ತ್ರೆನಾ ಕೇಳಿದಳು. "ಹೊಗೆ ಹೋಗೋದಕ್ಕೆ ಹಲ್ಲು ಯಾಕೆ ಬೇಕು?"

"ಒಲೇದಲ್ಲ ಅಜ್ಜಿ. ಹಿಮ ತೂಗೋದು."

ಸಾಲಿಡೀ ನಕ್ಕಿತು. "ತೂಗಿ ತೂಗಿ ಎಷ್ಟು ಬೇಕೋ ಅಷ್ಟು ಹೊತ್ಕೊಂಡು ಹೋಗು ತಾಯಿ, ನಮ್ಮೂರಲ್ಲಿ ಪುಕ್ಕಟೆ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಹುಡುಗಿ ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ಹೊತ್ಕೊಂಡು ಹೋಗಲ್ಲ. ಎಷ್ಟಿದೆ ಅಂತ ಬರ್ಕೋತೀನಿ, ಅಷ್ಟೆ," ಎಂದಳು. ಆ ಉತ್ತರದ ಗಾಂಭೀರ್ಯಕ್ಕೆ ತ್ರೆನಾಳ ಮನಸ್ಸು ಕರಗಿತು. ಅಂದೇ ಸಂಜೆ ತನ್ನ ಮನೆಯ ಮಹಡಿಯ ಕೋಣೆಯನ್ನು ಆಕೆಗೆ ಬಾಡಿಗೆಗೆ ಕೊಟ್ಟಳು.

ರೀಲಾ ಪರ್ವತದ ಆ ಕಣಿವೆಯಲ್ಲಿ ಯೆಲೊವಿತ್ಸವೇ ಕೊನೆಯ ಊರು. ಅದರಾಚೆ ಕಾಡು, ಕಾಡಿನಾಚೆ ಬರಿಯ ಹುಲ್ಲು, ಹುಲ್ಲಿನಾಚೆ ಕಲ್ಲು. ಮೇಲಿನಿಂದ ಇಳಿಯುವ ಚೆರ್ನಿತ್ಸ ಹೊಳೆ ಊರಿನ ನಡುವೆ ಹಾದು, ಹನ್ನೆರಡು ಕಿಲೋಮೀಟರ್ ಕೆಳಗೆ ಅಣೆಕಟ್ಟನ್ನು ಸೇರುತ್ತದೆ. ಆ ಅಣೆಕಟ್ಟಿನ ನೀರನ್ನೇ ಕೆಳಗಿನ ಪಟ್ಟಣದ ನಲವತ್ತು ಸಾವಿರ ಜನ ಕುಡಿಯುವುದು. ಬೇಸಿಗೆಯಲ್ಲಿ ಅಲ್ಲಿ ಮಳೆ ಅಪರೂಪ. ಚಳಿಗಾಲದಲ್ಲಿ ಬೆಟ್ಟ ಕೂಡಿಟ್ಟ ಹಿಮವೇ ಕರಗಿ ನೀರಾಗಬೇಕು. ಎಷ್ಟು ನೀರು ಇಳಿದೀತೆಂಬುದು ಮಾರ್ಚ್ ತಿಂಗಳಲ್ಲೇ ತಿಳಿಯಬೇಕು. ಹೆಚ್ಚು ಬರುವುದಾದರೆ ಅಣೆಕಟ್ಟಿನವರು ಮೊದಲೇ ನೀರು ಬಿಟ್ಟು ಜಾಗ ಮಾಡಿಕೊಳ್ಳಬೇಕು, ಇಲ್ಲವಾದರೆ ಪಟ್ಟಣಕ್ಕೆ ಪ್ರವಾಹ. ಕಡಿಮೆ ಬರುವುದಾದರೆ ಒಂದು ಹನಿಯನ್ನೂ ಬಿಡಕೂಡದು. ಅದನ್ನು ಹೇಳಬೇಕಾದವಳು ನೆವೆನಾ.

ಊರಿನಿಂದ ಮೂರು ಗಂಟೆ ಸ್ಕೀ ಹಲಗೆಗಳ ಮೇಲೆ ಏರಿದರೆ ಪಾದ್ರಿ ಬಯಲು ಸಿಗುತ್ತದೆ. ಅಲ್ಲಿ ಕೆಂಪು ಬಿಳಿ ಪಟ್ಟೆಯ ಹತ್ತು ಕಂಬಗಳನ್ನು ಇಪ್ಪತ್ತು ಇಪ್ಪತ್ತು ಹೆಜ್ಜೆಗೊಂದರಂತೆ ಒಂದೇ ಸಾಲಿನಲ್ಲಿ ನೆಟ್ಟಿದ್ದರು. ಡಿಸೆಂಬರಿನಿಂದ ಮೇ ತನಕ ತಿಂಗಳ ಒಂದನೆಯ ಮತ್ತು ಹದಿನೈದನೆಯ ತಾರೀಕು ನೆವೆನಾ ಅಲ್ಲಿಗೆ ಹೋಗಬೇಕು. ಪ್ರತಿ ಕಂಬದ ಬುಡದಲ್ಲಿ ಹಿಮದ ಆಳವನ್ನು ಓದಿ, ಪಕ್ಕದಲ್ಲೇ ಕೊಳವೆಯನ್ನು, ಹಿಮ ಆಳವಿದ್ದರೆ ತುಂಡು ಜೋಡಿಸಿ ಉದ್ದಮಾಡಿ, ತಿರುಗಿಸುತ್ತ ನೆಲ ಮುಟ್ಟುವ ತನಕ ಇಳಿಸಿ, ಒಳಗೆ ನಿಂತ ಹಿಮದ ಸಮೇತ ಅದನ್ನು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಬೇಕು. ಹಿಮ ಅಂಟದಿರಲೆಂದು ಕೊಳವೆಯ ಒಳಮೈಗೆ ಚರ್ಚಿನಲ್ಲಿ ಉರಿದುಳಿದ ಮೇಣದ ಬತ್ತಿಯ ತುಂಡುಗಳನ್ನು ತಿಕ್ಕುತ್ತಿದ್ದಳು. ಅವುಗಳನ್ನು ಒಟ್ಟುಮಾಡಿ ಕೊಡುವುದು ಮುದುಕಿ ತ್ರೆನಾಳ ಪಾಲಿನ ಸರಕಾರಿ ಸೇವೆ.

ಶಾಲೆಯವರು ಒಮ್ಮೆ ಅವಳನ್ನು ಕರೆಸಿದ್ದರು. ಆಳ ಅಳೆದರೆ ಸಾಲದೇ, ತೂಗುವುದೇಕೆ ಎಂದು ಒಬ್ಬ ಹುಡುಗಿ ಕೇಳಿದಳು. ನೆವೆನಾ ಎರಡು ಪಾತ್ರೆಗಳ ತುಂಬ ಹಿಮ ತರಿಸಿದಳು. ಒಂದರಲ್ಲಿ ಅಂದು ಬೆಳಗ್ಗೆ ಬಿದ್ದ ಹೊಸ ಹಿಮ, ಇನ್ನೊಂದರಲ್ಲಿ ಗೋಡೆಯ ನೆರಳಿನಲ್ಲಿ ಎರಡು ತಿಂಗಳಿನಿಂದ ಕೂತಿದ್ದ ಹಳೆಯ ಹಿಮ. ಎರಡನ್ನೂ ತರಗತಿಯ ಒಲೆಯ ಮೇಲಿಟ್ಟಳು. ಹೊಸದು ಕರಗಿ ತಳದಲ್ಲಿ ಒಂದು ಬೆರಳಿನಷ್ಟು ನೀರಾಯಿತು, ಹಳೆಯದು ಅರ್ಧ ಪಾತ್ರೆಯಾಯಿತು. "ಕಣ್ಣಿಗೆ ಎರಡೂ ಒಂದೇ ಥರ ಕಾಣ್ತಿತ್ತು, ಅಲ್ವಾ?" ಎಂದಷ್ಟೇ ಹೇಳಿ ಪಾತ್ರೆಗಳನ್ನು ತೊಳೆದಿಟ್ಟು ಹೋದಳು. ಆ ತರಗತಿಯಲ್ಲಿದ್ದವರು ಇಂದಿಗೂ ಆ ಪಾಠವನ್ನು ಮರೆತಿಲ್ಲ.

ಬೆಟ್ಟಕ್ಕೆ ಒಬ್ಬರೇ ಹೋಗಕೂಡದೆಂದು ನಿಯಮವಿತ್ತು. ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ಕೆಲಸಕ್ಕಿದ್ದ ಕ್ರುಮ್ ಎಂಬ ತರುಣನನ್ನು ಅವಳ ಜೊತೆಗೆ ಕಳುಹಿಸಿದರು. ಹೆಚ್ಚು ಮಾತಿನವನಲ್ಲ. ಮೊದಲ ದಿನವೇ, "ಕೊಳವೆ ನಿಂದು, ಬುತ್ತಿ ನಂದು. ಬದಲಾಯಿಸ್ಕೊಳೋದು ಬೇಡ, ನಾನು ಕೊಳವೆ ಬೀಳಿಸ್ತೀನಿ, ನೀನು ಬಾನಿತ್ಸಾ ತಿಂದು ಮುಗಿಸ್ತೀಯಾ," ಎಂದಿದ್ದ. ಬಾನಿತ್ಸಾ ಅವನ ತಾಯಿ ಬೇಯಿಸಿದ ಗಿಣ್ಣಿನ ಪದರು ರೊಟ್ಟಿ. ಅದನ್ನು ಬಟ್ಟೆಯಲ್ಲಿ ಸುತ್ತಿ ಅಂಗಿಯೊಳಗೆ ಬೆಚ್ಚಗೆ ಇಟ್ಟುಕೊಂಡಿರುತ್ತಿದ್ದ. ಎರಡನೆಯ ಚಳಿಗಾಲ ಮುಗಿಯುವ ಹೊತ್ತಿಗೆ ಅವರಿಬ್ಬರಿಗೂ ಮದುವೆಯಾಯಿತು.

ಪಾದ್ರಿ ಬಯಲಿನ ಗಾಳಿ ಕೆಟ್ಟದ್ದು. ಪಶ್ಚಿಮದ ಕಣಿವೆಯಿಂದ ನುಗ್ಗಿ ಬಂದು ಕೊನೆಯ ನಾಲ್ಕು ಕಂಬಗಳ ಮೇಲೆ ಬೀಳುತ್ತದೆ. ತೂಗುಹಾಕಿದ ಕೊಳವೆ ಗಂಟೆಯ ನಾಲಗೆಯಂತೆ ತೊನೆದಾಡಿ, ತಕ್ಕಡಿಯ ಮುಳ್ಳು ಒಂದು ಕಡೆ ನಿಲ್ಲುತ್ತಿರಲಿಲ್ಲ. ನೆವೆನಾ ಹಿಮದ ಮೇಲೆ ಮೊಣಕಾಲೂರಿ ಕಾಯುತ್ತಿದ್ದಳು. ಬೆರಳುಗಳಿಗೆ ಸ್ಪರ್ಶ ತಪ್ಪುತ್ತಿತ್ತು. ಒಮ್ಮೆ ಎಡಗೈಯ ಕಿರುಬೆರಳಿನ ತುದಿ ಕಪ್ಪಾಗಿ ಉದುರಿಯೇಹೋಯಿತು. ಆ ವಸಂತದಲ್ಲಿ ಕ್ರುಮ್ ಸಸಿಮಡಿಯಿಂದ ಇಪ್ಪತ್ತಾರು ಸ್ಪ್ರೂಸ್ ಸಸಿಗಳನ್ನು ಕತ್ತೆಯ ಮೇಲೆ ಹೇರಿಕೊಂಡು ಹೋಗಿ ಕೊನೆಯ ನಾಲ್ಕು ಕಂಬಗಳ ಪಶ್ಚಿಮಕ್ಕೆ ಒತ್ತಾಗಿ ನೆಟ್ಟುಬಂದ.

"ಇವು ಬೆಳೆದು ನಂಗೆ ಗಾಳಿ ತಡೆಯೋ ಹೊತ್ತಿಗೆ ನಾನು ಮುದುಕಿ ಆಗಿರ್ತೀನಿ ಕಣೋ," ಎಂದಳು ನೆವೆನಾ.

"ಮುದುಕಿಗೇ ಚಳಿ ಜಾಸ್ತಿ," ಎಂದ ಅವನು.

ಅವರಿಗೊಬ್ಬ ಮಗಳು ಹುಟ್ಟಿದಳು, ಬೆಳೆದಳು; ಆಮೇಲೆ ಕಡಲೂರು ವಾರ್ನಾದಲ್ಲಿ ಶುಶ್ರೂಷಕಿಯಾದಳು. ಸಸಿಗಳೂ ಬೆಳೆದವು, ಆ ಎತ್ತರದಲ್ಲಿ ವರ್ಷಕ್ಕೆ ಒಂದು ಗೇಣಿಗಿಂತ ಹೆಚ್ಚಿಲ್ಲ. ಹನ್ನೆರಡು ವರ್ಷಗಳಲ್ಲಿ ಅವು ಆಳೆತ್ತರವನ್ನು ಮೀರಿ ನಿಂತು ನಿಜಕ್ಕೂ ಗಾಳಿಗೆ ಬೆನ್ನು ಕೊಟ್ಟವು. ಅವುಗಳ ಮರೆಯಲ್ಲಿ ತಕ್ಕಡಿಯ ಮುಳ್ಳು ಮೊದಲ ಬಾರಿಗೆ ಅಲುಗದೆ ನಿಂತ ಚಳಿಗಾಲವನ್ನು ಕ್ರುಮ್ ಕಂಡ. ಅದರ ಮುಂದಿನ ಶರತ್ಕಾಲದಲ್ಲಿ ಗಾಡಿಯಲ್ಲಿ ಮರ ಸಾಗಿಸುವಾಗ ಸರಪಳಿ ಕಡಿದು ದಿಮ್ಮಿಗಳು ಉರುಳಿದವು. ಕ್ರುಮ್ ಅವುಗಳ ದಾರಿಯಲ್ಲಿದ್ದ. ಊರಿನವರು ಅವನನ್ನು ಅದೇ ಗಾಡಿಯಲ್ಲಿ ಮನೆಗೆ ತಂದರು.

ಅಲ್ಲಿಂದ ಮುಂದೆ ನೆವೆನಾ ಒಬ್ಬಳೇ ಹೋಗತೊಡಗಿದಳು. ಹೊಸ ಸರಕಾರ ಬಂದಿತ್ತು, ಕೆಲಸಕ್ಕೆ ಜನರಿರಲಿಲ್ಲ, ನಿಯಮ ಕಾಗದದ ಮೇಲಷ್ಟೇ ಉಳಿದಿತ್ತು.

ಕ್ರುಮ್ ಸತ್ತ ಮರು ಚಳಿಗಾಲದ ಮಾರ್ಚ್ ಹದಿನೈದರಂದು ಅವಳು ಹತ್ತೂ ಕಂಬಗಳನ್ನು ಮುಗಿಸಿ, ಮರಗಳ ಮರೆಯಲ್ಲಿ ಕುಳಿತು ನೋಟುಪುಸ್ತಕವನ್ನು ತೆರೆದಳು. ಮೊದಲ ಮೂರು ಕಂಬಗಳಲ್ಲಿ ಹಿಮ ಎದೆಯ ತನಕ. ಕೊನೆಯ ಮೂರರಲ್ಲಿ ಅವಳ ತಲೆಗಿಂತ ಮೇಲೆ. ಹಿಂದಿನ ವರ್ಷಗಳ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿದಳು. ಮೊದಮೊದಲು ಹತ್ತೂ ಕಂಬಗಳ ನಡುವೆ ಒಂದು ಗೇಣು ಹೆಚ್ಚು ಕಡಿಮೆ, ಅಷ್ಟೆ. ಆಮೇಲೆ ವರ್ಷದಿಂದ ವರ್ಷಕ್ಕೆ ಕೊನೆಯವು ಬೆಳೆಯುತ್ತಲೇ ಇದ್ದವು, ಮರಗಳ ಜೊತೆಜೊತೆಗೇ. ಕ್ರುಮ್‌ನ ಮರಗಳು ಗಾಳಿಯನ್ನು ತಡೆಯುತ್ತಿದ್ದವು. ತಡೆದಾಗ ಗಾಳಿ ತಾನು ಹೊತ್ತು ತಂದ ಹಿಮವನ್ನು ಅಲ್ಲೇ ಕೆಡವುತ್ತಿತ್ತು. ಆ ಹಿಮ ಬೆಟ್ಟದ ಲೆಕ್ಕದ್ದಲ್ಲ. ಬೆಟ್ಟ ಬೋಳಾಗಿದ್ದರೂ ಆ ನಾಲ್ಕು ಕಂಬಗಳ ಬುಡದಲ್ಲಿ ರಾಶಿ ಬೀಳುತ್ತಿತ್ತು.

ಅವಳಿಗೆ ಎಲ್ಲವೂ ಆ ಕ್ಷಣದಲ್ಲೇ ಅರ್ಥವಾಯಿತು. ಕಚೇರಿಗೆ ಹೋಗುವ ನಮೂನೆಯಲ್ಲಿ ಕಂಬ ಕಂಬದ ಅಂಕಿಗೆ ಜಾಗವಿರಲಿಲ್ಲ. ಹತ್ತರ ಸರಾಸರಿಯೊಂದನ್ನೇ ಕೇಳುತ್ತಿದ್ದರು. ಕೆಳಗೆ "ಷರಾ" ಎಂದು ಎರಡು ಗೆರೆಗಳ ಜಾಗವಿತ್ತು. ಅಲ್ಲಿ ಮರಗಳ ವಿಷಯ ಬರೆಯಬೇಕಾಗಿತ್ತು. ಬರೆದರೆ ಕಚೇರಿಯವರು ಮಾಡುವುದೊಂದೇ: ಕೊಡಲಿ ಕಳುಹಿಸುತ್ತಾರೆ. ಅವಳು ಆ ಜಾಗವನ್ನು ಖಾಲಿ ಬಿಟ್ಟಳು. ಹೋದವನ ಮಣ್ಣು ಇನ್ನೂ ಕುಸಿದು ಸಮವಾಗಿರಲಿಲ್ಲ. ಮುಂದಿನ ವರ್ಷ ಬರೆಯೋಣ ಎಂದುಕೊಂಡಳು.

ಮುಂದಿನ ವರ್ಷವೂ ಬರೆಯಲಿಲ್ಲ. ಅದರ ಮುಂದಿನ ವರ್ಷ ಬರೆಯಲು ಹೊರಟರೆ, ಹೋದ ವರ್ಷ ಯಾಕೆ ಬರೆಯಲಿಲ್ಲ ಎಂಬ ಪ್ರಶ್ನೆಯೂ ಸೇರಿಕೊಂಡಿತು. ಹೀಗೆ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಆ ಎರಡು ಗೆರೆಗಳು ಖಾಲಿ ಹೋದವು. ಅಂಕಿಗಳನ್ನು ಮಾತ್ರ ಅವಳು ಒಮ್ಮೆಯೂ ತಿದ್ದಲಿಲ್ಲ. ಜ್ವರವಿದ್ದರೂ ಹೋದಳು, ಹಿಮ ಜಾರುವ ಭಯವಿದ್ದರೂ ಸುತ್ತುದಾರಿ ಹಿಡಿದು ಹೋದಳು. "ನೆವೆನಾ ಬರೆದದ್ದು" ಎಂದರೆ ಕಚೇರಿಯಲ್ಲಿ ಮರುಮಾತಿಲ್ಲ. ಜನ ಹಾಗೆ ಹೊಗಳಿದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ಕಾಲಿನಾ ಬಂದದ್ದು ಆಮೇಲೆ. ನೀರಿನ ಕಚೇರಿಗೆ ಹೊಸದಾಗಿ ಸೇರಿದ್ದ ಇಪ್ಪತ್ತೇಳು ವರ್ಷದ ಹುಡುಗಿ. ಮಾತು ಹೆಚ್ಚು, ನಗು ಅದಕ್ಕಿಂತ ಹೆಚ್ಚು. ಅಲ್ಲಿ ಹಿರಿಯ ಹೆಂಗಸರನ್ನು ಕರೆಯುವಂತೆ ನೆವೆನಾಳನ್ನು ಮೊದಲ ದಿನದಿಂದಲೇ "ಲೇಲ್ಯಾ" ಎಂದು ಕರೆದಳು. ಅವಳ ಕಂಪ್ಯೂಟರಿನೊಳಗೆ ಇಡೀ ಬೆಟ್ಟವಿತ್ತು: ಯಾವ ಇಳಿಜಾರಿಗೆ ಬಿಸಿಲು ಎಷ್ಟು, ಯಾವ ಎತ್ತರದಲ್ಲಿ ಹಿಮ ಯಾವಾಗ ಕರಗೀತು, ಕರಗಿದ್ದರಲ್ಲಿ ನೆಲ ಎಷ್ಟು ಕುಡಿದೀತು, ಹೊಳೆಗೆ ಎಷ್ಟು ಬಂದೀತು, ಎಲ್ಲವನ್ನೂ ಲೆಕ್ಕ ಹಾಕಿ ಹೇಳುವ ಮಾದರಿ.

"ಈ ಬೆಟ್ಟ ನನ್ನದಲ್ಲ ಲೇಲ್ಯಾ, ನಿಮ್ಮದು," ಎಂದಳು ಕಾಲಿನಾ, ನೆವೆನಾಳ ಅಡುಗೆಮನೆಯಲ್ಲಿ ಹುರುಳಿಬೀಜದ ಸಾರನ್ನು ಎರಡನೆಯ ಬಾರಿ ಹಾಕಿಸಿಕೊಳ್ಳುತ್ತ. "ನಿಮ್ಮ ಅಂಕಿ ತೆಗೆದ್ರೆ ಇದು ಬರೀ ಬಣ್ಣದ ಚಿತ್ರ."

"ಅಷ್ಟೊಂದು ನಂಬಬೇಡಮ್ಮ," ಎಂದಳು ನೆವೆನಾ.

"ನೋಡಿ, ಮತ್ತೆ ಹಿರಿಯರ ವಿನಯ! ಉಪ್ಪು ಕೊಡಿ ಇತ್ಲಾಗೆ."

ಕೆಲವು ವರ್ಷಗಳಿಂದ ಹಿಮ ಹೇಳಿದಷ್ಟು ನೀರನ್ನು ಹೊಳೆ ಕೊಡುತ್ತಿಲ್ಲವೆಂಬುದನ್ನು ಕಾಲಿನಾ ಗುರುತಿಸಿದ್ದಳು. ಬಿಸಿಲು ಹೆಚ್ಚಿ ನೆಲ ಒಣಗಿದೆ, ಅದೇ ಕುಡಿಯುತ್ತಿರಬೇಕೆಂದು ಅಲ್ಲೊಂದು ಅಂಕಿಯನ್ನು ತಿರುಗಿಸಿ ಸರಿಮಾಡಿಕೊಂಡಿದ್ದಳು. ಎರಡು ವರ್ಷ ಅವಳ ಮಾದರಿ ಹೇಳಿದಂತೆಯೇ ನೀರು ಬಂತು.

ಮೂರನೆಯ ಚಳಿಗಾಲದಲ್ಲಿ ಹಿಮ ಬೀಳಲೇ ಇಲ್ಲವೆನ್ನಬೇಕು. ಗಾಳಿಗೆ ಮಾತ್ರ ಬಿಡುವಿರಲಿಲ್ಲ. ಅಲ್ಲಿ ಇಲ್ಲಿ ಬಿದ್ದ ಚೂರುಪಾರು ಹಿಮವನ್ನೆಲ್ಲ ಗುಡಿಸಿ ತಂದು ಕ್ರುಮ್‌ನ ಮರಗಳ ಬುಡದಲ್ಲಿ ಸುರಿಯಿತು. ಮಾರ್ಚ್ ಹದಿನೈದರಂದು ನೆವೆನಾ ಬರೆದುಕೊಂಡದ್ದು ಹೀಗಿತ್ತು: ಮೊದಲ ಕಂಬ ಮೂವತ್ತೊಂದು ಸೆಂಟಿಮೀಟರ್, ಎರಡನೆಯದು ಇಪ್ಪತ್ತೆಂಟು, ಮೂರನೆಯದು ಮೂವತ್ತು, ಎಂಟನೆಯದು ಇನ್ನೂರ ನಲವತ್ತು, ಒಂಬತ್ತನೆಯದು ಇನ್ನೂರ ಐವತ್ತೆರಡು. ಇಳಿಜಾರಿನಲ್ಲಿ ಅಲ್ಲಲ್ಲಿ ಹುಲ್ಲು ಕಾಣುತ್ತಿತ್ತು. ಅವಳು ಮನೆಗೆ ಬಂದು ಹತ್ತನ್ನೂ ಕೂಡಿ ಹತ್ತರಿಂದ ಭಾಗಿಸಿದಳು. ರಾಶಿಯ ಹಿಮ ಗಾಳಿಗೆ ಒತ್ತಿ ಭಾರವಾಗಿದ್ದರಿಂದ, ಬಂದ ತೂಕದ ಸರಾಸರಿ ಬೇರೆ ಯಾವ ವರ್ಷಕ್ಕೂ ಕಡಿಮೆಯಿರಲಿಲ್ಲ. ಫೋನನ್ನು ಕೈಗೆತ್ತಿಕೊಂಡಳು, ಕಾಲಿನಾಳ ಹೆಸರಿನ ತನಕ ಹೋದಳು, ಕೆಳಗಿಟ್ಟಳು. ಹೇಳುವುದಾದರೆ ಇಂದಿನದನ್ನಷ್ಟೇ ಹೇಳಿ ಮುಗಿಸುವಂತಿರಲಿಲ್ಲ. ನಮೂನೆಯನ್ನು ಎಂದಿನಂತೆ ಕಳುಹಿಸಿದಳು.

ಮಾದರಿ ಪ್ರವಾಹದ ಎಚ್ಚರಿಕೆ ಕೊಟ್ಟಿತು. ಏಪ್ರಿಲಿನಲ್ಲಿ ಅಣೆಕಟ್ಟಿನ ಬಾಗಿಲು ತೆರೆದು ಹನ್ನೊಂದು ದಿನ ನೀರು ಬಿಟ್ಟರು. ಜಾಗವಾಯಿತು, ತುಂಬಲು ಏನೂ ಬರಲಿಲ್ಲ. ಜೂನ್ ಮುಗಿಯುವಾಗ ಹೊಳೆಯ ಕಲ್ಲುಗಳನ್ನು ಎಣಿಸಬಹುದಾಗಿತ್ತು. ಜುಲೈಯಲ್ಲಿ ಪಟ್ಟಣಕ್ಕೆ ದಿನಕ್ಕೆ ಆರು ಗಂಟೆ ನೀರು, ಆಗಸ್ಟಿನಲ್ಲಿ ಎರಡು ಗಂಟೆ. ಆಸ್ಪತ್ರೆಗೆ ಟ್ಯಾಂಕರಿನಲ್ಲಿ ನೀರು ಹೊತ್ತರು. ಮಹಡಿ ಮಹಡಿಯ ಮನೆಗಳಲ್ಲಿ ಮುದುಕರು ಬಕೆಟ್ ಹಿಡಿದು ಮೆಟ್ಟಿಲು ಹತ್ತುವ ಚಿತ್ರಗಳು ಟಿವಿಯಲ್ಲಿ ಬಂದವು. ನೆವೆನಾ ಟಿವಿಯನ್ನು ಆರಿಸುತ್ತಿರಲಿಲ್ಲ. ಕೊನೆಯ ತನಕ ಕುಳಿತು ನೋಡುತ್ತಿದ್ದಳು.

ತಪ್ಪು ಯಾರದೆಂದು ಕೇಳುವ ಕಾಲ ಬಂತು. ಕಂಪ್ಯೂಟರಿನ ಮುಂದೆ ಕುಳಿತ ಹುಡುಗಿಯದು ಎಂದಾಯಿತು. ನವೆಂಬರಿನಲ್ಲಿ ಪುರಭವನದಲ್ಲಿ ವಿಚಾರಣೆ ಇಟ್ಟರು. ಅದಕ್ಕೆ ಮೂರು ದಿನ ಮುಂಚೆ ಕಾಲಿನಾ ಯೆಲೊವಿತ್ಸಕ್ಕೆ ಬಂದಳು. ಮುಖ ಬತ್ತಿಹೋಗಿತ್ತು. ತಟ್ಟೆಯಲ್ಲಿ ಬಡಿಸಿದ್ದು ಹಾಗೆಯೇ ಆರಿತು.

"ಲೇಲ್ಯಾ, ಒಂದೇ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ತಕ್ಕಡಿ ಏನಾದ್ರೂ ಕೆಟ್ಟಿತ್ತಾ?"

"ಇಲ್ಲಮ್ಮ."

"ನಂಗೊತ್ತು. ಆದ್ರೂ ಕೇಳ್ದೆ, ಕ್ಷಮಿಸಿ. ಮೂರು ತಿಂಗಳಿಂದ ಎಲ್ಲಾನೂ ಅನುಮಾನಿಸಿದೀನಿ. ಬಿಸಿಲಿನ ಲೆಕ್ಕ, ನೆಲದ ಲೆಕ್ಕ, ನನ್ನ ತಲೆ... ನಿಮ್ಮ ಅಂಕಿ ಒಂದನ್ನ ಬಿಟ್ಟು."

ನೆವೆನಾ ಎದ್ದು ಒಲೆಗೆ ಸೌದೆ ಹಾಕಿದಳು. ಆಗಲೂ ಬಾಯಿ ಬರಲಿಲ್ಲ. ಹುಡುಗಿ ಬಸ್ಸು ಹತ್ತಿ ಕೈಬೀಸುವಾಗಲೂ ಬರಲಿಲ್ಲ.

ಮರುದಿನ ಸತ್ತವರ ಶನಿವಾರ. ಊರಿನ ಹೆಂಗಸರೆಲ್ಲ ಬೇಯಿಸಿದ ಗೋಧಿ, ರೊಟ್ಟಿ, ವೈನು ಹಿಡಿದು ಮಸಣಕ್ಕೆ ಹೋಗುವ ದಿನ. ನೆವೆನಾ ಕ್ರುಮ್‌ನ ಕಲ್ಲಿನ ಮೇಲೆ ವೈನು ಸುರಿದಳು, ಬಂದವರಿಗೆಲ್ಲ ಗೋಧಿ ಹಂಚಿದಳು. ಎಲ್ಲರೂ ಹೋದ ಮೇಲೆ ಕಲ್ಲಿನ ಪಕ್ಕ ಕುಳಿತು ಮೆಲ್ಲಗೆ ಹೇಳಿದಳು: "ಕೇಳೋ. ನಿನ್ನ ಮರ ನಾನು ಇಪ್ಪತ್ತು ವರ್ಷ ಕಾದೆ. ಆ ಮಗು ಏನೂ ತಪ್ಪು ಮಾಡಿಲ್ಲ. ಇನ್ನು ನನ್ನ ಕೈಲಾಗಲ್ಲ."

ಸೋಮವಾರ ಬೆಳಗ್ಗೆ ಮೂವತ್ತೊಂಬತ್ತು ನೋಟುಪುಸ್ತಕಗಳನ್ನು ಆಲೂಗಡ್ಡೆಯ ಚೀಲಕ್ಕೆ ತುಂಬಿಕೊಂಡು ಬಸ್ಸಿನ ಬಳಿ ಬಂದಳು.

"ಏನ್ ಲೇಲ್ಯಾ, ಆಲೂಗಡ್ಡೆ ಪಟ್ಟಣಕ್ಕಾ? ಅಲ್ಲಿ ಬೇಯಿಸೋಕೆ ನೀರೇ ಇಲ್ವಲ್ಲ!" ಎಂದ ಚಾಲಕ.

ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು.

ಪುರಭವನ ತುಂಬಿತ್ತು. ಮುಂದಿನ ಮೇಜಿನ ಹಿಂದೆ ಐದು ಜನ, ಅವರೆದುರು ಒಂದು ಕುರ್ಚಿಯಲ್ಲಿ ಕಾಲಿನಾ. ಅಧ್ಯಕ್ಷರು ಆಗಲೇ ಮಾತು ಶುರುಮಾಡಿದ್ದರು. ನೆವೆನಾ ಚೀಲವನ್ನು ಎಳೆದುಕೊಂಡು ನಡುವಿನ ದಾರಿಯಲ್ಲಿ ಮುಂದೆ ಬಂದಳು.

"ಅಮ್ಮಾ, ನಿಮ್ಮನ್ನ ಕರೆದಿಲ್ಲ. ಸಾರ್ವಜನಿಕರು ಹಿಂದೆ ಕೂತ್ಕೋಬೇಕು."

"ಕರೀಬೇಕಿತ್ತು. ಹಿಮ ತೂಗಿದವಳು ನಾನು."

ಸಭೆ ಗುಜುಗುಜು ಎಂದಿತು. ಮೇಜಿನ ಹಿಂದಿದ್ದ ಒಬ್ಬರು ಕನ್ನಡಕವನ್ನು ಸರಿಪಡಿಸಿಕೊಂಡು, "ಹಾಗಾದ್ರೆ ನೀವು ಕಳಿಸಿದ ಅಂಕಿ ಸುಳ್ಳಾ?" ಎಂದು ಕೇಳಿದರು.

"ಒಂದೂ ಸುಳ್ಳಲ್ಲ. ಅದೇ ಕಷ್ಟ ಆಗಿರೋದು," ಎಂದಳು ನೆವೆನಾ. ನಿಂತೇ ಎಲ್ಲವನ್ನೂ ಹೇಳಿದಳು: ಮರಗಳನ್ನು ಯಾರು ನೆಟ್ಟರು, ಯಾಕೆ ನೆಟ್ಟರು, ಹಿಮ ಹೇಗೆ ರಾಶಿ ಬಿತ್ತು, ತನಗೆ ಯಾವ ದಿನ ಗೊತ್ತಾಯಿತು. "ಇಸವಿ, ತಾರೀಕು ಎಲ್ಲ ಇದರಲ್ಲಿದೆ. ಕಂಬ ಕಂಬದ್ದೂ ಬೇರೆ ಬೇರೆ ಬರೆದಿದೀನಿ. ನೀವು ಸರಾಸರಿ ಮಾತ್ರ ಕೇಳಿದ್ರಿ, ನಾನು ಅದರ ಹಿಂದೆ ಬಚ್ಚಿಟ್ಟುಕೊಂಡೆ. ಈ ಹುಡುಗಿಗೆ ಗೊತ್ತಾಗೋಕೆ ದಾರಿನೇ ಇರಲಿಲ್ಲ."

"ಇಷ್ಟು ವರ್ಷ ಯಾಕಮ್ಮ ಹೇಳಲಿಲ್ಲ?" ಹಿಂದಿನಿಂದ ಒಬ್ಬ ಹೆಂಗಸಿನ ಧ್ವನಿ ಬಂತು. "ನಾಲ್ಕನೇ ಮಹಡಿಗೆ ನೀರು ಹೊತ್ತು ಹೊತ್ತು ನನ್ನ ಗಂಡ ಹಾಸಿಗೆ ಹಿಡಿದಿದಾನೆ."

ನೆವೆನಾ ತಿರುಗಿ ಆ ಹೆಂಗಸನ್ನು ಹುಡುಕಿ, ಅವಳನ್ನೇ ನೋಡಿ ಹೇಳಿದಳು: "ಮರ ಕಡೀತಾರೆ ಅಂತ ಹೇಳಲಿಲ್ಲ. ಬೇರೆ ಕಾರಣ ಏನೂ ಇಲ್ಲ, ತಾಯಿ."



ಕಾಲಿನಾಳ ಕೆಲಸ ಉಳಿಯಿತು. ಆದರೆ ಹೊರಗಿನ ಮೆಟ್ಟಿಲ ಮೇಲೆ ಅವಳು ನೆವೆನಾಳನ್ನು ತಡೆದು ನಿಲ್ಲಿಸಿದಳು. "ಮೊನ್ನೆ ನಿಮ್ಮ ಅಡುಗೆಮನೇಲಿ ಕೂತಿದ್ನಲ್ಲ ಲೇಲ್ಯಾ, ಆಗ್ಲೂ ಹೇಳಲಿಲ್ಲ. ಮಾರ್ಚಲ್ಲಿ ಒಂದು ಫೋನು. ಒಂದೇ ಒಂದು ಫೋನು ಮಾಡಿದ್ರೆ ಸಾಕಿತ್ತು." ಅಷ್ಟು ಹೇಳಿ ಇಳಿದುಹೋದಳು. ಆ ಚಳಿಗಾಲವಿಡೀ ಅವಳು ಮತ್ತೆ ಯೆಲೊವಿತ್ಸದ ಕಡೆ ಸುಳಿಯಲಿಲ್ಲ. ಊರಿನಲ್ಲೂ ಕೆಲವರು ಅಂಗಡಿಯಲ್ಲಿ ನೆವೆನಾ ಕಂಡರೆ ಬೇರೆ ಕಡೆ ಮುಖ ಮಾಡಿದರು. ಪಟ್ಟಣದಲ್ಲಿ ಅವರ ಮಕ್ಕಳಿದ್ದರು.

ನೆವೆನಾಳಿಗೆ ಆಗಲೇ ನಿವೃತ್ತಿಯ ವಯಸ್ಸು ದಾಟಿತ್ತು. ಕಚೇರಿಯವರು ಅವಳನ್ನು ಬಿಡಿಸಬಹುದಿತ್ತು. ಬೆಟ್ಟ ಹತ್ತುವವರು ಬೇರೆ ಸಿಗಲಿಲ್ಲ. ಅವಳು ಅವರಲ್ಲಿ ಬೇಡಿಕೊಂಡದ್ದು ಒಂದೇ: ಮರಗಳನ್ನು ಇನ್ನೊಂದು ಚಳಿಗಾಲ ಹಾಗೆಯೇ ಬಿಡಬೇಕು. ಬಯಲಿನ ಆಚೆಬದಿಯಲ್ಲಿ, ಯಾವ ಮರೆಯೂ ಇಲ್ಲದ ಕಡೆ, ಇನ್ನೂ ಹತ್ತು ಕಂಬ ನೆಟ್ಟು ಎರಡು ಸಾಲನ್ನೂ ಒಂದೇ ದಿನ ತೂಗಿದರೆ, ಮರಗಳು ಎಷ್ಟು ಸೇರಿಸುತ್ತವೆಂದು ಸರಿಯಾಗಿ ತಿಳಿಯುತ್ತದೆ. ಹಳೆಯ ವರ್ಷಗಳನ್ನು ತಿದ್ದಲು ಅದು ಬೇಕೇಬೇಕು. ಹೇಳಿದ ಮೇಲೆ ಅವಳಿಗೇ ಅನುಮಾನ ಬಂತು, ಇದು ಲೆಕ್ಕಕ್ಕಾಗಿ ಕೇಳಿದ್ದೋ, ಮರಕ್ಕಾಗಿ ಕೇಳಿದ್ದೋ ಎಂದು. ಆ ಅನುಮಾನವನ್ನೂ ಕಾಗದದಲ್ಲಿ ಬರೆದೇ ಕಳುಹಿಸಿದಳು. ಕಚೇರಿ ಒಪ್ಪಿತು. ಆ ಚಳಿಗಾಲ ಅವಳು ಒಂದೊಂದು ಸಲಕ್ಕೆ ಇಪ್ಪತ್ತು ಕಂಬ ತೂಗಿದಳು, ಅದರ ಷರಾ ಜಾಗ ಸಾಲದೆ ಹಾಳೆಯ ಬೆನ್ನಿಗೂ ಬರೆದಳು.

ಮರುವರ್ಷ ಅಕ್ಟೋಬರಿನಲ್ಲಿ ಅರಣ್ಯದವರು ಗರಗಸ ಹಿಡಿದು ಬಂದರು. ಅವರ ಮೇಸ್ತ್ರಿ ಸ್ಪಾಸ್ ಕ್ರುಮ್‌ನ ಕೈಕೆಳಗೆ ಕೆಲಸ ಕಲಿತವನು. "ಲೇಲ್ಯಾ, ಆ ತುದೀಲಿರೋ ಎರಡು ಮರ ಬಿಡೋಣ. ಅವುಗಳಿಂದ ಏನೂ ಆಗಲ್ಲ," ಎಂದ.

"ಅಳೆದು ನೋಡಿದ್ಯಾ?"

"ಅಳೆಯೋದೇನು, ಕಣ್ಣಿಗೇ ಕಾಣುತ್ತೆ."

"ಕಣ್ಣಿಗೆ ಕಂಡದ್ದು ನಂಗೆ ಬೇಡ." ಹಗ್ಗ ತೆಗೆದು ಮರದಿಂದ ಕಂಬಕ್ಕೆ ತಾನೇ ಅಳೆದಳು. ದೂರ ಸಾಲದು. ಎರಡಕ್ಕೂ ಅವಳೇ ಬಣ್ಣದ ಗುರುತು ಹಾಕಿದಳು. ಇಪ್ಪತ್ತಾರೂ ಉರುಳುವ ತನಕ ಪಕ್ಕಕ್ಕೆ ಸರಿಯದೆ ನಿಂತಿದ್ದಳು. ಸೌದೆ ಮನೆಗೆ ತಂದುಹಾಕಲೇ ಎಂದು ಸ್ಪಾಸ್ ಕೇಳಿದಾಗ, ಶಾಲೆಗೆ ಹಾಕು ಎಂದಳು. ಆ ವರ್ಷ ಶಾಲೆಯ ಒಲೆಗಳೆಲ್ಲ ಅದೇ ಸೌದೆಯಿಂದ ಉರಿದವು.

ಫೋನು ಬಂದದ್ದು ಆ ಮರು ವಸಂತದಲ್ಲಿ. ಕಾಲಿನಾ ಕುಶಲ ಕೇಳಲಿಲ್ಲ, ನೇರ ಕೆಲಸದ ಮಾತಿಗೇ ಬಂದಳು. "ನೋಟುಪುಸ್ತಕದ್ದೆಲ್ಲ ಹಾಕಿ ಮುಗಿಸ್ದೆ ಲೇಲ್ಯಾ. ಹಳೇ ವರ್ಷಗಳು ಈಗ ಹೊಳೆಗೆ ಹೊಂದಿಕೊಳ್ತಿವೆ." ಹಾಗೆಯೇ ಮುಂದುವರಿಸಿದಳು: "ಈ ಬೆಟ್ಟಗಳಲ್ಲಿ ಇನ್ನೂ ಹದಿನಾಲ್ಕು ಸಾಲುಗಳಿವೆ. ಎಲ್ಲಾ ಕಡೆ ಷರಾ ಖಾಲಿ. ಕಂಬದ ಸುತ್ತ ಏನೇನು ಬದಲಾಗಿದೆ ಅಂತ ಯಾರೂ ಹೋಗಿ ನೋಡಿಲ್ಲ. ನಾನು ಹೋದ್ರೆ ಯಾರೂ ಬಾಯಿ ಬಿಡಲ್ಲ. ನೀವು ಹೋಗ್ತೀರಾ?"

"ಬಸ್ಸಿನ ವೇಳೆ ಹೇಳು," ಎಂದಳು ನೆವೆನಾ.

ಈಗ ಅವಳಿಗೆ ಅರುವತ್ತೆಂಟು. ಚಳಿಗಾಲದಲ್ಲಿ ಪಾದ್ರಿ ಬಯಲು ಇದ್ದೇ ಇದೆ. ಬೇಸಿಗೆ ಬಂತೆಂದರೆ ಬೆನ್ನಚೀಲದಲ್ಲಿ ಒಂದು ಹಗ್ಗ, ಒಂದು ಪೆನ್ಸಿಲು, ರೊಟ್ಟಿ, ಗಿಣ್ಣು ಇಟ್ಟುಕೊಂಡು ಬೇರೆ ಬೇರೆ ಕಣಿವೆಗಳಿಗೆ ಹೊರಡುತ್ತಾಳೆ. ಒಂದು ಕಡೆ ಬೆಟ್ಟದ ಪೊದೆಪೈನು ಕಂಬಗಳ ತನಕ ಹಬ್ಬಿತ್ತು. ಇನ್ನೊಂದು ಕಡೆ ಸ್ಕೀ ಆಡುವವರಿಗಾಗಿ ಬೇಲಿ ಹಾಕಿದ್ದರು. ಕಳೆದ ಬೇಸಿಗೆಯ ಹೊತ್ತಿಗೆ ಒಂಬತ್ತು ಸಾಲುಗಳು ಮುಗಿದಿದ್ದವು.

ಕಳೆದ ಜುಲೈಯಲ್ಲಿ ಹತ್ತನೆಯದಕ್ಕೆ ಹೋಗಿದ್ದಳು. ಅಲ್ಲಿ ಹಿಮ ತೂಗುವವನು ಮಿತಾರ್ ಎಂಬ ಎಪ್ಪತ್ತರ ಮುದುಕ. ಬಾಗಿಲಲ್ಲೇ ನಿಂತು ಗದರಿದ.

"ಪತ್ತೇದಾರಿಕೆಗೆ ಬಂದ್ಯಾ? ನನ್ನ ಸಾಲಲ್ಲಿ ಏನೂ ಬದಲಾಗಿಲ್ಲ. ಮೂವತ್ತು ವರ್ಷದಿಂದ ಹಾಗೇ ಇದೆ."

"ಒಳ್ಳೇದಾಯ್ತು ಬಿಡಣ್ಣ. ಕಾಲು ನೋಯ್ತಿದೆ, ಸ್ವಲ್ಪ ಕೂತ್ಕೊಳ್ಲಾ?"

ಒಲ್ಲದ ಮನಸ್ಸಿನಿಂದ ಕುರ್ಚಿ ಸರಿಸಿ ಬೆಟ್ಟದ ಚಹಾ ಕೊಟ್ಟ. ಕಿಟಕಿಯಿಂದ ಮೇಲಿನ ಬಯಲು ಕಾಣುತ್ತಿತ್ತು. ಕಂಬಗಳ ಸಾಲಿನ ಪಕ್ಕದಲ್ಲೇ ಕಲ್ಲಿನ ಒಂದು ಕುರಿಹಟ್ಟಿ. ಅದರ ಮಾಡಿನ ಹಲಗೆಗಳು ಇನ್ನೂ ಹೊಸ ಮರದ ಹಳದಿ ಬಣ್ಣದಲ್ಲೇ ಇದ್ದವು. ನೆವೆನಾ ಅದನ್ನು ನೋಡಿದಳು. ಅವಳು ನೋಡಿದ್ದನ್ನು ಮಿತಾರನೂ ನೋಡಿದ.

"ಮಗನದ್ದು," ಎಂದ ಕೊನೆಗೆ, ಒರಟಾಗಿ. "ಊರು ಬಿಟ್ಟು ಹೋಗ್ತೀನಿ ಅಂತಿದ್ದ. ಕುರಿ ಕೊಡಿಸಿ ಇಟ್ಕೊಂಡೆ. ಹಟ್ಟಿ ಅಲ್ಲಲ್ಲದೆ ಇನ್ನೆಲ್ಲಿ ಕಟ್ಟಲಿ?"

ನೆವೆನಾ ಪೆನ್ಸಿಲನ್ನು ಹೊರಗೆ ತೆಗೆಯಲಿಲ್ಲ. ಖಾಲಿ ಲೋಟವನ್ನು ಅವನ ಕಡೆಗೆ ಸರಿಸಿದಳು.

"ಇನ್ನೊಂದು ಲೋಟ ಇದ್ರೆ ಹಾಕಣ್ಣ. ನಂಗೇನೂ ಅವಸರ ಇಲ್ಲ."